ಫೋಟೋ ಶಾರ್ಪ್ ಮಾಡುವುದಕ್ಕೆ ‘ತೀಡು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಡಿಜಿಟಲ್ ಫೋಟೋ ತಿದ್ದುವುದರ ಬಗ್ಗೆ ಹೊಸಬರಿಗೆಂದು ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಬ್ಲರ್‌ಗೆ ‘ಮಸುಕು’, ಲೇಯರ್‌ಗೆ ‘ಪದರ’ ಸಲೀಸಾಗಿ ಕೂತವು. ‘ಶಾರ್ಪನ್’ ಹತ್ತಿರ ಬಂದು ಎರಡು ವಾರದಿಂದ ನಿಂತುಬಿಟ್ಟಿದ್ದೇನೆ.

ನಿಘಂಟು ನೋಡಿದರೆ ‘ಹರಿತಗೊಳಿಸು’, ‘ಚೂಪು ಮಾಡು’ ಸಿಗುತ್ತವೆ. ಚಾಕುವಿಗೆ ಸರಿ, ಪೆನ್ಸಿಲ್‌ಗೂ ಸರಿ. ಫೋಟೋ ಹರಿತ ಮಾಡಿ ಏನು ಕೊಯ್ಯೋಣ? ‘ಸ್ಪಷ್ಟಗೊಳಿಸು’, ‘ನಿಚ್ಚಳಗೊಳಿಸು’ ಕೇಳೋಕೆ ಚೆನ್ನಾಗಿವೆ. ನಿಚ್ಚಳ ನನಗೆ ತುಂಬಾ ಇಷ್ಟದ ಪದ, ಪತ್ರಿಕೆಯವರು ಬರೀ ಬಹುಮತಕ್ಕೆ ಬಳಸಿ ಬಳಸಿ ಸವೆಸಿದ್ದಾರೆ. ಆದರೆ ಇವೆರಡೂ ಸುಳ್ಳು ಆಸೆ ಹುಟ್ಟಿಸುತ್ತವೆ. ಕೈ ಅಲುಗಿದ ಫೋಟೋ, ಫೋಕಸ್ ತಪ್ಪಿದ ಫೋಟೋ ಈ ಗುಂಡಿ ಒತ್ತಿದ ಮಾತ್ರಕ್ಕೆ ಸ್ಪಷ್ಟವಾಗುವುದಿಲ್ಲ. ಕ್ಯಾಮೆರಾ ಹಿಡಿಯದೇ ಬಿಟ್ಟ ವಿವರ ಆಮೇಲೆ ಎಲ್ಲಿಂದ ಬರಬೇಕು? (ಎಐ ಉಪಕರಣಗಳು ವಿವರವನ್ನು ಊಹಿಸಿ ತುಂಬುತ್ತವೆ. ಅದು ಬೇರೆಯದೇ ಕಥೆ.)

ಹಾಗಾದರೆ ಅಲ್ಲಿ ಆಗುವುದೇನು? ಒಂದು ಬೂದು ಕಂಬ, ಅದರ ಹಿಂದೆ ತಿಳಿ ಆಕಾಶ ಅಂದುಕೊಳ್ಳಿ. ಫೋಟೋದ ಪ್ರತಿ ಚುಕ್ಕಿಗೂ (ಪಿಕ್ಸೆಲ್) ಒಂದು ಸಂಖ್ಯೆ ಇರುತ್ತದೆ: 0 ಅಂದರೆ ಪೂರ್ತಿ ಕಪ್ಪು, 255 ಅಂದರೆ ಪೂರ್ತಿ ಬಿಳಿ. ಕಂಬದ ಪಿಕ್ಸೆಲ್‌ಗಳು 90, ಆಕಾಶದವು 160. ಶಾರ್ಪನ್ ಮಾಡಿದ ಮೇಲೂ ಕಂಬದ ನಡುವೆ 90 ಹಾಗೇ ಇರುತ್ತದೆ, ದೂರದ ಆಕಾಶವೂ 160ರಲ್ಲೇ ಇರುತ್ತದೆ. ಎರಡೂ ಕೂಡುವ ಗೆರೆಯಲ್ಲಿ ಮಾತ್ರ ಕಂಬದ ಕೊನೆಯ ಪಿಕ್ಸೆಲ್ 75ಕ್ಕೆ ಇಳಿಯುತ್ತದೆ, ಪಕ್ಕದ ಆಕಾಶದ ಪಿಕ್ಸೆಲ್ 175ಕ್ಕೆ ಏರುತ್ತದೆ. 70 ಇದ್ದ ಅಂತರ 100 ಆಯಿತು. ಅಷ್ಟೇ. ಕಂಬಕ್ಕೆ ಏನೂ ಆಗಿಲ್ಲ, ಅದರ ಅಂಚು ಎದ್ದು ಕಾಣುತ್ತಿದೆ.

ಇದನ್ನು ನೋಡುತ್ತಿದ್ದಾಗ ಹೊಳೆದದ್ದು ‘ತೀಡು’. ಕಣ್ಣಿಗೆ ಕಾಡಿಗೆ ತೀಡುತ್ತೇವೆ. ಕಣ್ಣು ಮೊದಲಿನದೇ, ಅಂಚಿಗೊಂದು ಕಪ್ಪು ಗೆರೆ ಬಿದ್ದ ಕೂಡಲೇ ಹೊಳಪು ಬಂದಂತೆ ಕಾಣುತ್ತದೆ. ಶಾರ್ಪನ್ ಮಾಡುವ ಕೆಲಸವೂ ಇದೇ ಅಲ್ವಾ? ಜಾಸ್ತಿ ತೀಡಿದರೆ ಕೆಡುವುದೂ ಎರಡರಲ್ಲೂ ಒಂದೇ. ಫೋಟೋದಲ್ಲಿ ಕಂಬದ ಸುತ್ತ ಬಿಳಿ ಗೆರೆ ಎದ್ದು, ಕತ್ತರಿಸಿ ಅಂಟಿಸಿದ ಹಾಗಾಗುತ್ತದೆ. ಈ ‘ಹೇಲೋ’ಗೆ ಸದ್ಯಕ್ಕೆ ‘ಪ್ರಭಾವಳಿ’ ಅಂತ ಬರೆದಿದ್ದೇನೆ. ತಪ್ಪಿಗೆ ಇಷ್ಟು ದೊಡ್ಡ ಹೆಸರು ಬೇಕಿತ್ತಾ ಅಂತ ನನಗೇ ಅನುಮಾನ.

ಒಂದು ತೊಡಕು ಇದೆ. ‘ತಿದ್ದಿ ತೀಡು’ ಅನ್ನುವ ಜೋಡಿ ನಮ್ಮಲ್ಲಿ ಮೊದಲೇ ಇದೆ, ಅದು ಎಡಿಟಿಂಗ್ ಪೂರ್ತಿಗೆ ಸಲ್ಲುತ್ತದೆ. ಅದರಲ್ಲಿ ಅರ್ಧವನ್ನು ಕಿತ್ತು ಒಂದೇ ಕೆಲಸಕ್ಕೆ ಕಟ್ಟಿಹಾಕಿದರೆ ಓದುವವರಿಗೆ ಗೊಂದಲ ಆಗಬಹುದು. ಅದಕ್ಕೇ ‘ಅಂಚು ತೀಡು’ ಅಂತ ಸೇರಿಸಿ ಬಳಸುತ್ತಿದ್ದೇನೆ.

ಇನ್ನು ‘ಅನ್‌ಶಾರ್ಪ್ ಮಾಸ್ಕ್’, ಅಂದರೆ ಫೋಟೋ ಸಾಫ್ಟ್‌ವೇರ್‌ನಲ್ಲಿ ಶಾರ್ಪನ್ ಮಾಡುವ ಒಂದು ಉಪಕರಣ. ಹೆಸರಲ್ಲೇ ‘ಶಾರ್ಪ್ ಅಲ್ಲ’ ಅಂತ ಇದೆ, ಮಾಡುವುದು ಶಾರ್ಪ್! ಇದು ಡಾರ್ಕ್‌ರೂಮ್ ಕಾಲದ ಹೆಸರು. ನೆಗೆಟಿವ್‌ನಿಂದ ಮಸುಕಾದ, ತೆಳುವಾದ ಒಂದು ಪಾಸಿಟಿವ್ ಪ್ರತಿ ಮಾಡಿ, ಎರಡನ್ನೂ ಜೋಡಿಸಿ ಪ್ರಿಂಟ್ ಹಾಕುತ್ತಿದ್ದರು. ಸಾಫ್ಟ್‌ವೇರ್ ಕೂಡ ಚಿತ್ರದಿಂದ ಅದರ ಮಸುಕು ಪ್ರತಿಯನ್ನು ಕಳೆದು, ಉಳಿದದ್ದನ್ನು ಮೂಲಕ್ಕೆ ಸೇರಿಸುತ್ತದೆ. ಮಾಸ್ಕ್‌ಗೆ ‘ಮುಖವಾಡ’ ಅಂದದ್ದನ್ನು ನೋಡಿದ್ದೇನೆ, ನಾಟಕದ ಸಾಮಾನು ನೆನಪಾಗುತ್ತದೆ. ‘ಮರೆ’ ಸಾಕು. ಹಾಗಾಗಿ ಇದು ‘ಮಸುಕು ಮರೆ’. ಅದರ ರೇಡಿಯಸ್‌ಗೆ ತ್ರಿಜ್ಯ ಬೇಡ, ‘ಹರವು’ ಅಂದರೆ ಗೆರೆ ಎಷ್ಟು ಅಗಲ ಹರಡಬೇಕು ಅಂತ ತಿಳಿಯುತ್ತದೆ. ಥ್ರೆಶೋಲ್ಡ್‌ಗೆ ‘ಹೊಸ್ತಿಲು’ ಹೇಳಿ ಮಾಡಿಸಿದ ಹಾಗಿದೆ: ಅಷ್ಟು ವ್ಯತ್ಯಾಸ ದಾಟಿದ ಅಂಚನ್ನು ಮಾತ್ರ ತೀಡು, ಚರ್ಮದ ಸಣ್ಣಪುಟ್ಟ ಏರಿಳಿತವನ್ನು ಮುಟ್ಟಬೇಡ.

ಡಾಡ್ಜ್ ಮತ್ತು ಬರ್ನ್ ಕೂಡ ಅದೇ ಕತ್ತಲೆ ಕೋಣೆಯಿಂದ ಬಂದವು. ಪ್ರಿಂಟ್ ಹಾಕುವಾಗ ಕಾಗದದ ಒಂದು ಭಾಗಕ್ಕೆ ಬೆಳಕು ಬೀಳದಂತೆ ಕೈ ಅಡ್ಡ ಹಿಡಿದರೆ ಅದು ತಿಳಿಯಾಗಿ ಉಳಿಯುತ್ತಿತ್ತು, ಅದು ಡಾಡ್ಜ್. ಜಾಸ್ತಿ ಬೆಳಕು ಬಿಟ್ಟರೆ ಕಪ್ಪಾಗುತ್ತಿತ್ತು, ಅದು ಬರ್ನ್. ‘ಸುಡು’ ಅಂತ ಅನುವಾದಿಸಿದರೆ ಕೆಟ್ಟಿತು. ಬೆಳಕು ಜಾಸ್ತಿಯಾಗಿ ಬೆಳ್ಳಗೆ ಹೊಡೆದ ಜಾಗಕ್ಕೂ ಇಂಗ್ಲಿಷಿನವರು ‘ಬರ್ನ್ಟ್ ಔಟ್’ ಅನ್ನುತ್ತಾರೆ! ಒಂದೇ ಪದ, ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬಿಳಿ. ನಾನು ‘ತಿಳಿ ಮಾಡು’, ‘ಗಾಢ ಮಾಡು’ ಅಂತ ಇಟ್ಟಿದ್ದೇನೆ. ಮೊದಲು ಸುಮ್ನೆ ‘ತಿಳಿಸು’ ಅಂತ ಬರೆದಿದ್ದೆ. ಓದಿದ ಗೆಳೆಯರೊಬ್ಬರು “ಮುಖಕ್ಕೆ ಏನು ತಿಳಿಸಬೇಕು?” ಅಂತ ಕೇಳಿದರು.

ಕ್ರಾಪ್ ಅನ್ನು ಹಾಗೇ ಬಿಟ್ಟಿದ್ದೇನೆ. ತಲೆಗೂದಲಿಗೆ ಕ್ರಾಪು ಬಂದು ಎಷ್ಟೋ ಕಾಲವಾಯಿತು. ಯಂತ್ರದ ಅನುವಾದವೊಂದರಲ್ಲಿ ‘ಚಿತ್ರವನ್ನು ಬೆಳೆ ಮಾಡಿ’ ಅಂತ ಓದಿದ ಮೇಲಂತೂ ಕ್ರಾಪೇ ವಾಸಿ ಅನ್ನಿಸಿತು. ನಾಯ್ಸ್‌ಗೆ ‘ಗದ್ದಲ’ ಕಣ್ಣಿಗೆ ಹೊಂದುವುದಿಲ್ಲ. ಕತ್ತಲಲ್ಲಿ ತೆಗೆದ ಫೋಟೋ ನೋಡಿ ನಾವು ‘ತರಿತರಿಯಾಗಿದೆ’ ಅನ್ನುತ್ತೇವಲ್ಲ, ಆ ‘ತರಿ’ಯನ್ನೇ ತೆಗೆದುಕೊಂಡೆ.

ಈಗ ನನ್ನ ಪ್ರಶ್ನೆ. ಕೈಪಿಡಿಯಲ್ಲಿ ಒಂದು ವಾಕ್ಯ ಹೀಗಿದೆ: “ಮೊದಲು ತರಿ ಇಳಿಸಿ, ಆಮೇಲೆ ಚಿತ್ರದ ಅಳತೆ ಬದಲಿಸಿ, ಅಂಚು ತೀಡುವುದನ್ನು ಕೊನೆಗೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ತರಿಯನ್ನೂ ತೀಡಿದಂತಾಗುತ್ತದೆ.” ಮೇಲಿನದ್ದನ್ನೆಲ್ಲ ಓದದವರಿಗೆ ಇದು ಅರ್ಥವಾಗುತ್ತದೆಯೇ? ಮನೆಯಲ್ಲಿ ಯಾರಿಗಾದರೂ ಈ ಒಂದು ವಾಕ್ಯ ಓದಿ ಹೇಳಿ, ಅವರು ಏನಂದರು ಅಂತ ಬರೆಯುತ್ತೀರಾ?