ಗೊಡ್ಡು ಅಂದ್ರೆ ಗಬ್ಬ ನಿಲ್ಲದ್ದೋ, ಹಾಲು ಬತ್ತಿದ್ದೋ?

ಎಲ್ರಿಗೂ ನಮಸ್ಕಾರ. ನಾನು ಬಿ.ವಿ.ಎಸ್ಸಿ. (ಪಶುವೈದ್ಯಕೀಯ) ಓದ್ತಿದೀನಿ, ಐದೂವರೆ ವರ್ಷದ ಕೋರ್ಸಲ್ಲಿ ಕೊನೇ ವರ್ಷದ ಇಂಟರ್ನ್‌ಶಿಪ್ ನಡೀತಿದೆ. ಪಾಠ ಎಲ್ಲಾ ಇಂಗ್ಲಿಷಲ್ಲಿ, ಹಸು ಹಿಡ್ಕೊಂಡು ಬರೋರ ಮಾತು ಕನ್ನಡ, ಅದೂ ಊರಿಗೊಂದು ಥರ.

ಕಳೆದ ವಾರ ಒಬ್ರು ಅಜ್ಜ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸು ಕರ್ಕೊಂಡು ಬಂದು "ಗೊಡ್ಡಾಗೈತೆ, ಮೇವೂ ಸರಿ ತಿಂತಿಲ್ಲ ನೋಡವ್ವ" ಅಂದ್ರು. ನನಗೆ ಗೊತ್ತಿದ್ದ ಗೊಡ್ಡು ಅಂದ್ರೆ ಎಷ್ಟು ಸಲ ಸೆಮೆನ್ ಹಾಕ್ಸಿದ್ರೂ ಗಬ್ಬ ನಿಲ್ಲದೆ 21 ದಿನಕ್ಕೆ ಮತ್ತೆ ಬೆದೆಗೆ ಬರೋದು, ಇಲ್ಲಾ ಬೆದೆಗೇ ಬರದೆ ಇರೋದು, ಹಾಗಾಗಿ ಬೆದೆಗೆ ತರಿಸೋ ಇಂಜೆಕ್ಷನ್ ಕೊಡ್ಬೇಕೇನೋ ಅಂತ ಲೆಕ್ಕ ಹಾಕ್ತಿದ್ದೆ, ಅಷ್ಟರಲ್ಲಿ ಸರ್ "ಮೊದ್ಲು ಕೈ ಹಾಕಿ ನೋಡು" ಅಂದ್ರು. ನೋಡಿದ್ರೆ ಏಳು ತಿಂಗಳ ಗಬ್ಬ! ಅಜ್ಜ ಹೇಳಿದ್ದು ಹಾಲು ಬತ್ತಿದೆ ಅಂತ ಅಷ್ಟೆ. ಬೆದೆಗೆ ತರಿಸೋ ಆ ಪ್ರೋಸ್ಟಾಗ್ಲಾಂಡಿನ್ ಇಂಜೆಕ್ಷನ್ ಗಬ್ಬದ ಹಸುಗೆ ಬಿದ್ರೆ ಕಂದು ಹಾಕ್ಬಿಡಬಹುದು. ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಹಸು ಗಬ್ಬ ಹೊರೋದು ಸುಮಾರು 280 ದಿನ, ಅದ್ರಲ್ಲಿ ಕೊನೇ ಎರಡು ತಿಂಗಳು ಹಾಲು ಬತ್ತಿಸಿ ಬಿಡ್ಲೇಬೇಕು, ಇಲ್ದಿದ್ರೆ ಕೆಚ್ಚಲಿಗೆ ಸುಧಾರಿಸ್ಕೊಳ್ಳೋಕೆ ಟೈಮೇ ಸಿಗಲ್ಲ. ಅಂದ್ರೆ ಬತ್ತಿಸಿದ ಹಸು ನಾಳೆ ಕರು ಹಾಕೋ ಹಸು, ಗಬ್ಬ ನಿಲ್ಲದ್ದು ರೈತರು ಮಾರೋಕೆ ಯೋಚಿಸೋ ಹಸು. ಎರಡಕ್ಕೂ ಒಂದೇ ಪದ ಹೇಗೆ ಬಂತು?

ನಂಗನ್ಸೋದು, ಗೊಡ್ಡಿನ ಮೂಲ ಅರ್ಥ ಬಸಿರಿಗೆ ಮಾತ್ರ ಅಂಟಿದ್ದಲ್ಲ, ಇರಬೇಕಾದ್ದು ಇಲ್ಲ ಅನ್ನೋದು. ಗೊಡ್ಡು ಸಾರಲ್ಲಿ ಬೇಳೆ ಇರಲ್ಲ, ಗೊಡ್ಡು ಹರಟೇಲಿ ಹುರುಳಿರಲ್ಲ, ಹಾಗೇ ಈ ಹಸುಲಿ ಹಾಲಿಲ್ಲ. ತೆಲುಗಲ್ಲಿ ಮಕ್ಕಳಾಗದ ಹೆಂಗಸಿಗೆ ಗೊಡ್ರಾಲು ಅಂತಾರೆ, ಗೊಡ್ಡು ಅಂದ್ರೆ ಅಲ್ಲಿ ದನ ಅಂತಲೂ ಅರ್ಥ ಇದೆ. ಇವೆರಡೂ ಒಂದೇ ಬೇರಿನವಾ, ಬೇರೆ ಬೇರೆನಾ? ತಿಳಿದೋರು ಹೇಳಿ.

ಇನ್ನೊಂದು, ಹಾಲು ಬತ್ತಿರೋ ಗಬ್ಬದ ಹಸುಗೆ ನಿಮ್ಮ ಕಡೆ ಬೇರೆ ಪದ ಇದ್ಯಾ? ಬತ್ತಿದ ಹಸು ಅಂತೀರಾ, ಗಬ್ಬದ್ದು ಅಂತ ಸುಮ್ನೆ ಬಿಡ್ತೀರಾ, ಅಥವಾ ನಿಮ್ಮಲ್ಲೂ ಗೊಡ್ಡೇನಾ? ಆಕಳು ಅನ್ನೋ ಕಡೆಯವರು, ಮಲೆನಾಡು, ಕರಾವಳಿಯವರು ಎಲ್ರೂ ತಾಲ್ಲೂಕಿನ ಹೆಸರು ಸಮೇತ ಬರೀರಿ ಪ್ಲೀಸ್, ಮುಂದೆ ಎಲ್ಲಿಗೆ ಪೋಸ್ಟಿಂಗ್ ಆಗುತ್ತೋ ಗೊತ್ತಿಲ್ಲ, ಪದಗಳನ್ನ ನೋಟ್‌ಬುಕ್ಕಲ್ಲಿ ಬರೆದಿಟ್ಕೊಳ್ತಿದೀನಿ.