ತಿದ್ದಿದ್ದು ಮೊದಲು, ಹುಟ್ಟಿದ್ದು ಆಮೇಲೆ! ಮಾಗಡಿ ಕೆರೆ ಫೋಟೋಗಳ ತಾರೀಖು ಸರಿಮಾಡುವುದು ಹೇಗೆ?

ಬೆಟಗೇರಿ ಸೂಜಿದಾರ:

ಎಲ್ಲರಿಗೂ ನಮಸ್ಕಾರ. ನಾನು ಬೆಟಗೇರಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಕಂಪ್ಯೂಟರ್‌ನಲ್ಲಿ ಬಿಲ್ ಬರೆಯುತ್ತೇನೆ, ಫೋಟೋ ನೋಡುತ್ತೇನೆ, ಅಷ್ಟೇ. ತಪ್ಪು ಕೇಳಿದರೆ ನಗಬೇಡಿ.

ರವಿವಾರ ಅಂಗಡಿಗೆ ರಜೆ. ಚಳಿಗಾಲದಲ್ಲಿ ತಮ್ಮನ ಬೈಕ್ ಹತ್ತಿ ಮಾಗಡಿ ಕೆರೆಗೆ ಹೋಗುವುದು ನನ್ನ ಹುಚ್ಚು. ಗದಗಿನಿಂದ ಸುಮಾರು 25 ಕಿಲೋಮೀಟರ್. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ನವೆಂಬರ್ ಹೊತ್ತಿಗೆ ಅಲ್ಲಿ ಇಳಿಯುತ್ತವೆ. ಮಾರ್ಚ್ ಬಿಸಿಲು ಏರಿದಂತೆ ಹೊರಡುತ್ತವೆ. 2009ರ ದೀಪಾವಳಿಗೆ ಸೆಲ್ ಹಾಕುವ ಸಣ್ಣ ಕ್ಯಾಮೆರಾ ಕೊಂಡೆ. ಅಂದಿನಿಂದ ತೆಗೆದ ಫೋಟೋ ಸಾವಿರಾರು ಇವೆ. 2024ರಲ್ಲಿ ಕೆರೆ ರಾಮ್ಸಾರ್ ಪಟ್ಟಿ (ಜಗತ್ತಿನ ಮಹತ್ವದ ಕೆರೆ, ಜೌಗು ಪ್ರದೇಶಗಳ ಪಟ್ಟಿ) ಸೇರಿತಲ್ಲ, ಆಮೇಲೆ ಹಕ್ಕಿ ನೋಡುವ ಗೆಳೆಯರೊಬ್ಬರು ಬೆನ್ನು ಹತ್ತಿದ್ದಾರೆ: ಯಾವ ವರ್ಷ, ಯಾವ ತಾರೀಖಿಗೆ ಕೊನೆಯ ಬಾತು ಕಂಡಿರಿ?

ತಾರೀಖೇ ನನ್ನ ತಲೆನೋವು. ಪ್ರಿಂಟ್ ಹಾಕಿಸಲು ಪೆನ್ ಡ್ರೈವ್ ಒಂದು ಕಡೆ ಕೊಟ್ಟಿದ್ದೆ. ವಾಪಸ್ ಬಂದಾಗ ಫೋಲ್ಡರ್‌ಗಳೆಲ್ಲ ಮಾಯ. ಅವುಗಳ ಜಾಗದಲ್ಲಿ ಬಾಣದ ಗುರುತಿನ ಐಕಾನ್‌ಗಳು. ಆದರೆ ಜಾಗ ಮಾತ್ರ ಮೊದಲಿನಷ್ಟೇ ತುಂಬಿದೆ. ಅದರಲ್ಲಿ 2013ರ ಫೋಟೋಗಳಿವೆ, ಬೇರೆಲ್ಲೂ ಕಾಪಿ ಇಲ್ಲ.

ಉಳಿದವನ್ನು ಹಳೇ ಕಂಪ್ಯೂಟರ್‌ನಿಂದ ಹೊಸದಕ್ಕೆ ಹಾಕಿಕೊಂಡೆ. ಈಗ ನೋಡಿದರೆ ‘ಡೇಟ್ ಕ್ರಿಯೇಟೆಡ್’ ಎಲ್ಲಕ್ಕೂ ಕಳೆದ ತಿಂಗಳದು. ‘ಡೇಟ್ ಮಾಡಿಫೈಡ್’ ಮಾತ್ರ 2011, 2012. ತಿದ್ದಿದ್ದು ಮೊದಲು, ಹುಟ್ಟಿದ್ದು ಆಮೇಲೆ! ಕೂಸು ಹುಟ್ಟುವ ಮುನ್ನ ಕುಲಾವಿ ಅಂತಾರಲ್ಲ, ಕುಲಾವಿ ಹೊಲಿಯುವವಳ ಕಂಪ್ಯೂಟರ್‌ನಲ್ಲೇ ಹೀಗಾಗಬೇಕಾ? ಕೆಲವು ಬಾತಿನ ಫೋಟೋಗೆ ಜೂನ್ 2014 ಅಂತ ಬರುತ್ತಿದೆ. ಜೂನ್‌ನಲ್ಲಿ ಮಾಗಡಿಯಲ್ಲಿ ಒಂದು ಬಾತೂ ಇರುವುದಿಲ್ಲ.

ಹುಬ್ಬಳ್ಳಿ ಸ್ಕ್ರೂಡ್ರೈವರ್:

ಅಕ್ಕಾವ್ರೇ, ಮೊದಲು ಆ ಬಾಣದ ಐಕಾನ್ ಮುಟ್ಟಬೇಡಿ. ಅದು ಶಾರ್ಟ್‌ಕಟ್ ವೈರಸ್. ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ಹಿಂದಿನಿಂದ ವೈರಸ್ಸೂ ಓಡುತ್ತದೆ. ನನ್ನ ರಿಪೇರಿ ಟೇಬಲ್‌ಗೆ ವಾರಕ್ಕೊಂದಾದರೂ ಇಂಥ ಪೆನ್ ಡ್ರೈವ್ ಬರುತ್ತದೆ. ಅಳುತ್ತಾ ಬರುತ್ತಾರೆ, ಎರಡು ನಿಮಿಷದಲ್ಲಿ ನಗುತ್ತಾ ಹೋಗುತ್ತಾರೆ.

ಫೋಟೋ ಎಲ್ಲಿಗೂ ಹೋಗಿಲ್ಲ. ಪ್ರತಿ ಫೈಲು, ಫೋಲ್ಡರಿಗೆ ವಿಂಡೋಸ್ ನಾಲ್ಕಾರು ಗುರುತು ಇಟ್ಟಿರುತ್ತದೆ. ಓದಲು ಮಾತ್ರ, ಅಡಗಿಸಿದ್ದು, ಸಿಸ್ಟಮ್‌ಗೆ ಸೇರಿದ್ದು, ಬ್ಯಾಕಪ್ ಆಗಬೇಕಾದ್ದು, ಹೀಗೆ. ವೈರಸ್ ನಿಮ್ಮ ಫೋಲ್ಡರಿಗೆ ‘ಹಿಡನ್’ ಮತ್ತು ‘ಸಿಸ್ಟಮ್’ ಎರಡೂ ಹಚ್ಚಿದೆ. ಬರೀ ಹಿಡನ್ ಆಗಿದ್ದರೆ ಪ್ರಾಪರ್ಟೀಸ್‌ಗೆ ಹೋಗಿ ಟಿಕ್ ತೆಗೆಯಬಹುದಿತ್ತು. ಸಿಸ್ಟಮ್ ಗುರುತೂ ಇದ್ದರೆ ಆ ಟಿಕ್ ಬೂದಿ ಬಣ್ಣಕ್ಕೆ ತಿರುಗಿ ಕೂತಿರುತ್ತದೆ, ಮುಟ್ಟಲು ಬಿಡುವುದಿಲ್ಲ.

ಆಂಟಿವೈರಸ್‌ನಿಂದ ಡ್ರೈವ್ ಒಮ್ಮೆ ಸ್ಕ್ಯಾನ್ ಮಾಡಿಸಿ. ಆಮೇಲೆ ಕಮಾಂಡ್ ಪ್ರಾಂಪ್ಟ್, ಅಂದರೆ ಅಕ್ಷರ ಬರೆದು ಆದೇಶ ಕೊಡುವ ಕಪ್ಪು ಪರದೆ, ತೆರೆಯಿರಿ. ನನ್ನ ಫೋನಿನಲ್ಲಿ ಕನ್ನಡ ಕೀಲಿಮಣೆ ಮಾತ್ರ ಇದೆ, ಫೋನಲ್ಲಿ ಹೇಳಿದ ಹಾಗೆ ಹೇಳುತ್ತೇನೆ, ನೀವು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ. ಆಟ್ರಿಬ್, ಜಾಗ, ಮೈನಸ್ ಎಚ್, ಜಾಗ, ಮೈನಸ್ ಎಸ್, ಜಾಗ, ಪೆನ್ ಡ್ರೈವಿನ ಅಕ್ಷರ, ಕೋಲನ್, ಹಿಂದಕ್ಕೆ ವಾಲಿದ ಗೀಟು, ನಕ್ಷತ್ರ ಚುಕ್ಕಿ ನಕ್ಷತ್ರ, ಜಾಗ, ಮುಂದಕ್ಕೆ ವಾಲಿದ ಗೀಟು ಎಸ್, ಜಾಗ, ಗೀಟು ಡಿ. ಕೊನೆಯ ಡಿ ಮರೆತರೆ ಫೋಲ್ಡರ್‌ಗಳು ಬರುವುದಿಲ್ಲ. ಬರೀ ಮೈನಸ್ ಎಚ್ ಕೊಟ್ಟರೆ ‘ಸಿಸ್ಟಮ್ ಫೈಲ್ ಮುಟ್ಟಲ್ಲ’ ಅಂತ ತಿರುಗಿ ಬೈಯುತ್ತದೆ, ಎರಡನ್ನೂ ಒಟ್ಟಿಗೇ ಕೊಡಬೇಕು. ಇದನ್ನು ಸಿ ಡ್ರೈವ್ ಮೇಲೆ ಮಾತ್ರ ಓಡಿಸಬೇಡಿ. ಅಲ್ಲಿ ಅಡಗಿರುವುದು ಬೇಕೆಂದೇ ಅಡಗಿದೆ.

ಕೆಲವು ಸಲ ಹೆಸರೇ ಇಲ್ಲದ ಒಂದು ಫೋಲ್ಡರ್ ಕಾಣುತ್ತದೆ. ಹೆದರಬೇಡಿ. ಎಲ್ಲವನ್ನೂ ಅದರೊಳಗೆ ತುರುಕಿರುತ್ತದೆ ವೈರಸ್.

ತಾರೀಖಿಗೆ ಏನಾದರೂ ಉಚಿತ ಸಾಫ್ಟ್‌ವೇರ್ ಹಾಕಿ ಕ್ರಿಯೇಟೆಡ್ ಡೇಟ್ ಬದಲಿಸಿದರೆ ಆಯಿತು.

ಸಪ್ತಾಪುರದಾತ:

ಪೆನ್ ಡ್ರೈವ್ ಮಾತು ಸರಿ. ತಾರೀಖಿನ ಸಲಹೆ ಮಾತ್ರ ಬೇಡ, ದಯವಿಟ್ಟು.

ಮದುವೆಯಲ್ಲಿ ಕೊಡುವ ಪಾತ್ರೆ ಮೇಲೆ ಹೆಸರು, ತಾರೀಖು ಕೊರೆಸುತ್ತಾರಲ್ಲ? ಆ ಪಾತ್ರೆ ನಿಮ್ಮ ಅಡುಗೆಮನೆಯ ಹಲಗೆ ಮೇಲೆ ಯಾವತ್ತು ಬಂತು ಅನ್ನುವುದು ಬೇರೆ ಲೆಕ್ಕ. ‘ಡೇಟ್ ಕ್ರಿಯೇಟೆಡ್’ ಎರಡನೆಯದು. ಈ ಡಿಸ್ಕ್‌ನಲ್ಲಿ ಈ ಫೈಲ್ ಯಾವತ್ತು ಕೂತಿತು ಅಷ್ಟೇ. ಕಾಪಿ ಮಾಡಿದ ದಿನವೇ ಅದರ ಜನ್ಮದಿನ. ‘ಮಾಡಿಫೈಡ್’ ಅಂದರೆ ಒಳಗಿನದು ಕೊನೆಗೆ ಬದಲಾದ ದಿನ. ಕಾಪಿ ಮಾಡಿದಾಗ ವಿಂಡೋಸ್ ಅದನ್ನು ಜೊತೆಗೆ ಹೊತ್ತೊಯ್ಯುತ್ತದೆ. ಹಾಗಾಗಿ ನಿಮ್ಮ ಕುಲಾವಿ ಮೊದಲು ಬಂತು. ಜೂನ್ 2014ರ ಬಾತುಗಳನ್ನು ನೀವೇ ಅಡ್ಡದಿಂದ ಉದ್ದಕ್ಕೆ ತಿರುಗಿಸಿ ಸೇವ್ ಮಾಡಿರಬೇಕು. ತಿರುಗಿಸುವುದೂ ತಿದ್ದಿದ ಹಾಗೇ.

ನಿಮಗೆ ಬೇಕಾದದ್ದು ಕೊರೆಸಿದ ತಾರೀಖು. ಕ್ಯಾಮೆರಾ ಅದನ್ನು ಫೋಟೋ ಫೈಲ್ ಒಳಗೇ ಬರೆದಿಟ್ಟಿರುತ್ತದೆ. ಇದಕ್ಕೆ ಎಕ್ಸಿಫ್ ಅನ್ನುತ್ತಾರೆ. ಎಕ್ಸ್‌ಪ್ಲೋರರ್‌ನಲ್ಲಿ ಮೇಲಿನ ಪಟ್ಟಿ ಮೇಲೆ ಬಲ ಕ್ಲಿಕ್ ಮಾಡಿ ‘ಡೇಟ್ ಟೇಕನ್’ ಸೇರಿಸಿಕೊಳ್ಳಿ, ಅದರ ಪ್ರಕಾರ ಜೋಡಿಸಿ. ನಿಮ್ಮ ಗೆಳೆಯರಿಗೆ ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಬೇಡಿ. ಅದು ಕೊರೆದದ್ದನ್ನೆಲ್ಲ ಉಜ್ಜಿ ಹಾಕುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ.

ಬೆಟಗೇರಿ ಸೂಜಿದಾರ:

ಹುಬ್ಬಳ್ಳಿಯವರೇ, ಫೋಲ್ಡರ್‌ಗಳು ಬಂದವು!! ಹೆಸರಿಲ್ಲದ ಫೋಲ್ಡರ್ ಒಳಗೇ ಇದ್ದವು. ಗದಗಿಗೆ ಬಂದರೆ ಗಿರ್ಮಿಟ್, ಮಿರ್ಚಿ ನನ್ನದು.

ಸಪ್ತಾಪುರದವರೇ, ನೀವು ಹೇಳಿದ್ದು ನಿಜ. ಜೂನ್ 2014ರಲ್ಲಿ ಆಲ್ಬಮ್ ಮಾಡಲು ಫೋಟೋ ತಿರುಗಿಸಿದ್ದೆ. ‘ಡೇಟ್ ಟೇಕನ್’ ಹಾಕಿದ ಕೂಡಲೇ ಮುಕ್ಕಾಲು ಪಾಲು ತಾವಾಗೇ ಸಾಲಿಗೆ ನಿಂತವು. ಆದರೆ ಒಂದು ಕಾರ್ಡ್ ಪೂರ್ತಿ 1 ಜನವರಿ 2008ರಿಂದ ಶುರುವಾಗುತ್ತಿದೆ. 2008ರಲ್ಲಿ ನನ್ನ ಹತ್ತಿರ ಕ್ಯಾಮೆರಾನೇ ಇರಲಿಲ್ಲ!

ಅದರ ಮೊದಲ ಫೋಟೋಗಳು ನಮ್ಮ ಅಂಗಳದವು. ಬೇವಿನ ಮರದ ನೆರಳಲ್ಲಿ ನೂರಾರು ಸಣ್ಣ ಚಂದ್ರಕೊರೆ. ಸೂರ್ಯಗ್ರಹಣದ ದಿನ. ಗ್ರಹಣ ಬಿಡುವ ತನಕ ಊಟ ಇಲ್ಲ ಅಂತ ಅಜ್ಜಿ ಕೂರಿಸಿದ್ದರು. ಹೊಟ್ಟೆ ಹಸಿದು, ಹೊಸ ಸೆಲ್ ಹಾಕಿ ನೆರಳಿನ ಫೋಟೋ ತೆಗೆಯುತ್ತಾ ಕೂತೆ. ಕೊರೆ ಎಲ್ಲಕ್ಕಿಂತ ತೆಳ್ಳಗಾದಾಗ ಒಳಗಿನ ಗೋಡೆ ಗಡಿಯಾರ ನೋಡಿದ್ದೆ, ಒಂದೂಕಾಲು. ಆ ಫೋಟೋಗೆ ಕ್ಯಾಮೆರಾ ಬರೆದದ್ದು ರಾತ್ರಿ 2:05.

ಸಪ್ತಾಪುರದಾತ:

ಅಕ್ಕಾ, ನಿಮ್ಮ ಕೈಯಲ್ಲಿ ಚಿನ್ನ ಇದೆ. ಅದು 2010ರ ಜನವರಿ 15ರ ಕಂಕಣ ಗ್ರಹಣ. ಸಂಕ್ರಾಂತಿಯ ಮರುದಿನ, ಅವರಾತ್ರಿ ಅಮಾವಾಸ್ಯೆ. ನಮ್ಮ ಕಡೆ ಪಾರ್ಶ್ವವಾಗಿ ಕಂಡಿತ್ತು. ಹಳೇ ಸೆಲ್ ತೆಗೆದು ಜಾಸ್ತಿ ಹೊತ್ತು ಬಿಟ್ಟಿದ್ದಕ್ಕೆ ಕ್ಯಾಮೆರಾದ ಗಡಿಯಾರ ಮೊದಲಿಗೆ, ಅಂದರೆ 1 ಜನವರಿ 2008ಕ್ಕೆ, ಹೋಗಿ ನಿಂತಿದೆ. ಅಲ್ಲಿಂದ ಅದು ಸರಿಯಾಗೇ ಓಡಿದೆ, ಆರಂಭ ಮಾತ್ರ ತಪ್ಪು. ಎಷ್ಟು ಹಿಂದಿದೆಯೋ ಅಷ್ಟು ಕೂಡಿಸಿದರೆ ಮುಗಿಯಿತು. 2 ವರ್ಷ, 14 ದಿನ, 11 ಗಂಟೆ 10 ನಿಮಿಷ.

ಎಕ್ಸಿಫ್‌ಟೂಲ್ ಅಂತ ಉಚಿತ ತಂತ್ರಾಂಶ ಇದೆ. ಫಿಲ್ ಹಾರ್ವೆ ಅನ್ನುವವರು 2003ರಿಂದ ಬೆಳೆಸುತ್ತಿದ್ದಾರೆ. ಕಪ್ಪು ಪರದೆಯ ಕೆಲಸ, ಆದರೆ ಪೆನ್ ಡ್ರೈವ್ ಬಿಡಿಸಿದ ನಿಮಗೆ ಅದೇನು ದೊಡ್ಡದಲ್ಲ. ಇಳಿಸಿದಾಗ ಅದರ ಹೆಸರಿನ ಕೊನೆಗೆ ಆವರಣದಲ್ಲಿ ಮೈನಸ್ ಕೆ ಇರುತ್ತದೆ. ಹಾಗೇ ಇಟ್ಟು ಫೋಟೋವನ್ನು ಅದರ ಮೇಲೆ ಎಳೆದು ಬಿಟ್ಟರೆ ಒಳಗೆ ಕೊರೆದದ್ದೆಲ್ಲ ಓದಿ ಹೇಳುತ್ತದೆ. ಕಮಾಂಡ್ ಕೊಡುವಾಗ ಆ ಬಾಲ ಕತ್ತರಿಸಿ.

ಕೊಡಬೇಕಾದ್ದು: ಎಕ್ಸಿಫ್‌ಟೂಲ್, ಜಾಗ, ಡಬಲ್ ಕೋಟ್ ಒಳಗೆ ಮೈನಸ್ ಆಲ್‌ಡೇಟ್ಸ್ ಪ್ಲಸ್ ಈಕ್ವಲ್ 2 ಕೋಲನ್ 0 ಕೋಲನ್ 14, ಜಾಗ, 11 ಕೋಲನ್ 10 ಕೋಲನ್ 0. ಕೋಟ್ ಮುಗಿಸಿ ಫೋಲ್ಡರ್ ಹೆಸರು. ಹಳೇ ಫೋಟೋವನ್ನು ಅದು ಕೆಡಿಸುವುದಿಲ್ಲ, ಹೆಸರಿಗೆ ‘ಒರಿಜಿನಲ್’ ಅಂತ ಬಾಲ ಹಚ್ಚಿ ಪಕ್ಕದಲ್ಲೇ ಇಡುತ್ತದೆ. ಆದರೂ ಫೋಲ್ಡರಿನ ಕಾಪಿ ಮೇಲೆ ಮಾಡಿ.

ಬೆಟಗೇರಿ ಸೂಜಿದಾರ:

ಮಾಡಿದೆ. ಖುಷಿಯೂ ಆಯಿತು, ತಲೆಯೂ ಕೆಟ್ಟಿತು.

ನಾನು ಕೆರೆಗೆ ಹೋಗುವುದು ರವಿವಾರ ಮಾತ್ರ. ಜನವರಿ 24 ರವಿವಾರ, ಸರಿ. ಫೆಬ್ರವರಿ 28 ರವಿವಾರ, ಸರಿ. ಆದರೆ ಕೊನೆಯ ಬಾತುಗಳು ಮಾರ್ಚ್ 20ಕ್ಕೆ ಬಿದ್ದಿವೆ. ಅದು ಶನಿವಾರ. ಶನಿವಾರ ನಾನು ಅಂಗಡಿ ಮುಚ್ಚುವವಳೇ ಅಲ್ಲ. ಯುಗಾದಿ ಹೋಳಿಗೆ ಊಟದ ಫೋಟೋ ಮಾರ್ಚ್ 15ಕ್ಕೆ ಹೋಗಿದೆ. ಕ್ಯಾಲೆಂಡರ್ ನೋಡಿದೆ, ಆ ವರ್ಷ ಯುಗಾದಿ 16ಕ್ಕೆ. ಅಮಾವಾಸ್ಯೆ ದಿನ ಯುಗಾದಿ ಮಾಡಿದೆವಾ? ಅಜ್ಜಿ ಕೇಳಿದರೆ ಎದ್ದು ಬರುತ್ತಾರೆ.

ಫೆಬ್ರವರಿ ಪೂರ್ತಿ ಸರಿ, ಯುಗಾದಿಯಿಂದ ಮುಂದಿನವೆಲ್ಲ ಒಂದು ದಿನ ಹಿಂದೆ. ಯಾಕೆ?

ಹಾವೇರಿ ಏಲಕ್ಕಿ:

ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಈಗ ತಡೆಯಲಾಗಲಿಲ್ಲ. 2008 ಅಧಿಕ ವರ್ಷ ಅಲ್ವಾ!

ನಿಮ್ಮ ಕ್ಯಾಮೆರಾ ತಾನು 2008ರಲ್ಲಿದ್ದೇನೆ ಅಂದುಕೊಂಡಿತ್ತು. ಹಾಗಾಗಿ ಫೆಬ್ರವರಿ 29 ಅನ್ನುವ ಒಂದು ದಿನವನ್ನು ಎಣಿಸಿಕೊಂಡು ಮಾರ್ಚ್‌ಗೆ ಹೋಯಿತು. ನಿಜವಾದ 2010ರಲ್ಲಿ ಆ ದಿನವೇ ಇಲ್ಲ. ಕ್ಯಾಮೆರಾದ ಫೆಬ್ರವರಿ 29 ದಾಟಿದ ಫೋಟೋಗಳೆಲ್ಲ ಅದಕ್ಕೇ ಒಂದು ದಿನ ಹಿಂದೆ ಉಳಿದವು. ವರ್ಷ ಕೂಡಿಸಬಾರದು, ದಿನ ಕೂಡಿಸಬೇಕು. 2008ಕ್ಕೆ 366, 2009ಕ್ಕೆ 365, ಮೇಲೆ 14. ಒಟ್ಟು 745. ಅದೇ ಕಮಾಂಡ್, ಆದರೆ 0 ಕೋಲನ್ 0 ಕೋಲನ್ 745. ತಿದ್ದಿದ ಫೋಟೋ ಮೇಲೆ ಮತ್ತೆ ಓಡಿಸೀರಿ, ಹುಷಾರು! ಮೂಲದಿಂದ ಹೊಸ ಕಾಪಿ ತೆಗೆದುಕೊಳ್ಳಿ.

ಇನ್ನೊಂದು ನನ್ನ ಹಟ. ತಾರೀಖು ಸರಿಯಾದ ಮೇಲೆ ಅದನ್ನು ಫೈಲ್ ಹೆಸರಿಗೇ ಸೇರಿಸಿ, ವರ್ಷ ಮೊದಲು, ಆಮೇಲೆ ತಿಂಗಳು, ದಿನ. ಡಿಸ್ಕ್ ಬದಲಾಗಲಿ, ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಹೋಗಲಿ, ಹೆಸರು ಜೊತೆಗೇ ಬರುತ್ತದೆ. ನಾನು ಲಿನಕ್ಸ್‌ನಲ್ಲಿ ಕಾಪಿ ಮಾಡುವ ಸಿಪಿ ಕಮಾಂಡ್ ಬರೀ ಕೊಟ್ಟು, ತಾರೀಖು ಉಳಿಸುವ ಮೈನಸ್ ಪಿ ಮರೆತು, ಮಗನ ಐದು ವರ್ಷದ ಫೋಟೋಗಳ ಮಾಡಿಫೈಡ್ ತಾರೀಖನ್ನು ಒಂದೇ ಮಧ್ಯಾಹ್ನಕ್ಕೆ ತಂದು ನಿಲ್ಲಿಸಿದವನು.

ಸಪ್ತಾಪುರದಾತ:

ಅಯ್ಯೋ. ಲೆಕ್ಕದ ಮೇಷ್ಟ್ರ ಮಗ ನಾನು. ಹಾವೇರಿಯವರಿಗೆ ಒಂದು ಪೇಡಾ ಪೊಟ್ಟಣ ಬಾಕಿ.

ಬೆಟಗೇರಿ ಸೂಜಿದಾರ:

745 ಹಾಕಿದೆ. ಯುಗಾದಿ 16ಕ್ಕೆ ಬಂತು, ಹೋಳಿಗೆ ಊಟ ಮಧ್ಯಾಹ್ನ ಒಂದಕ್ಕೆ. ಕೊನೆಯ ಬಾತುಗಳು ಮಾರ್ಚ್ 21, ರವಿವಾರ. ಒಟ್ಟು ಏಳೇ ಹಕ್ಕಿ. ಒಂದು ನೀರಿನ ಅಂಚಿನಲ್ಲಿ ಒಂಟಿ ಕಾಲಲ್ಲಿ ನಿಂತಿದೆ. ಗೆಳೆಯರಿಗೆ ಡಾಕ್ಯುಮೆಂಟ್ ಅಂತಲೇ ಕಳಿಸಿದೆ.

ಈಗ ಪೆನ್ ಡ್ರೈವಿನ 2013 ತೆರೆದಿದ್ದೇನೆ. ಅಲ್ಲಿ ಗಡಿಯಾರ ಎರಡು ಸಲ ನಿಂತಿದೆ, ಗ್ರಹಣ ಒಂದೂ ಇಲ್ಲ. ಗದಗಿನ ತೋಂಟದಾರ್ಯ ಮಠದ ಜಾತ್ರೆಯ ತೇರಿನ ಫೋಟೋ ಸಿಕ್ಕಿದೆ. ಆ ಜಾತ್ರೆ ನಡೆಯುವ ದವನದ ಹುಣ್ಣಿಮೆ ಆ ವರ್ಷ ಯಾವ ತಾರೀಖಿಗೆ ಬಿದ್ದಿತ್ತು, ಹಳೇ ಕ್ಯಾಲೆಂಡರ್ ಯಾರ ಹತ್ತಿರವಾದರೂ ಇದೆಯಾ?