ಮಗುವಿನ ಕೋಣೆಗೆ ಹ್ಯೂಮಿಡಿಫೈಯರ್ ಇಟ್ಟ ಮೇಲೆ ಟಿವಿಯ ಮೇಲೆಲ್ಲ ವಿಭೂತಿಯಂತಹ ಪುಡಿ. ಏನಿದು?

ಸಾಗರದ ಅಮ್ಮಮ್ಮ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಮಗಳ ಬಾಣಂತನಕ್ಕೆಂದು ನವೆಂಬರ್‌ನಲ್ಲಿ ಅಮೆರಿಕದ ಮಿನಿಯಾಪೊಲಿಸ್ ಹತ್ತಿರಕ್ಕೆ ಬಂದಿದ್ದೇನೆ. ಮೊಮ್ಮಗಳಿಗೆ ಈಗ ಏಳು ವಾರ.

ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ. ಆಷಾಢದಲ್ಲಿ ಪೆಟ್ಟಿಗೆಯೊಳಗಿನ ಸೀರೆಗೂ ಬೂಷ್ಟು ಹಿಡಿಯುತ್ತದೆ, ಮಗುವಿನ ಬಟ್ಟೆಯನ್ನು ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತೇವೆ. ಅರವತ್ತಮೂರು ವರ್ಷ ತೇವವನ್ನು ಓಡಿಸುವುದರಲ್ಲೇ ಕಳೆದವಳು ನಾನು. ಇಲ್ಲಿ ದುಡ್ಡು ಕೊಟ್ಟು ತೇವ ತರುತ್ತಾರೆಂದು ಕೇಳಿ ನಕ್ಕೆ. ನಕ್ಕ ಮೂರನೇ ದಿನಕ್ಕೆ ನನ್ನ ಮೂಗಿನಿಂದಲೇ ರಕ್ತ ಬಂತು. ತುಟಿ ಸೀಳಿತು, ಬಾಗಿಲ ಹಿಡಿಕೆ ಮುಟ್ಟಿದರೆ ಚಟ್ಟೆಂದು ಕಿಡಿ. ಮಗುವಿನ ಮೂಗೂ ಒಣಗಿ ಕಟ್ಟಿಕೊಂಡು, ಹಾಲು ಕುಡಿಯುವಾಗ ಗೊರಗೊರ ಎನ್ನುತ್ತಿತ್ತು.

ಅಳಿಯ ಗಾಳಿಗೆ ತೇವ ಸೇರಿಸುವ ಒಂದು ಯಂತ್ರ ತಂದರು. ಅಲ್ಟ್ರಾಸಾನಿಕ್ ಹ್ಯೂಮಿಡಿಫೈಯರ್ ಅಂತೆ. ಸದ್ದಿಲ್ಲ, ಬಿಸಿಯಿಲ್ಲ, ಬಾಯಿಂದ ತಣ್ಣನೆಯ ಮಂಜು ಬರುತ್ತದೆ. ಅದರ ಉಸ್ತುವಾರಿ ನನ್ನದು. ದಿನಾ ಸಂಜೆ ಎಷ್ಟು ಕಡಿಮೆಯಾಗಿದೆಯೋ ಅಷ್ಟು ನಲ್ಲಿ ನೀರು ತುಂಬಿ, ಮಗುವಿನ ತೊಟ್ಟಿಲ ಪಕ್ಕದ ಸ್ಟೂಲಿನ ಮೇಲೆ ಇಡುತ್ತೇನೆ. ಒಳ್ಳೆಯದಾಗಲಿ ಎಂದು ನಾಲ್ಕು ಹನಿ ನೀಲಗಿರಿ ಎಣ್ಣೆಯನ್ನೂ ಹಾಕುತ್ತಿದ್ದೆ. ನೆಗಡಿಯಾದರೆ ನಾವೆಲ್ಲ ಹಬೆ ತೆಗೆದುಕೊಳ್ಳುವುದು ಹಾಗೇ ತಾನೆ?

ಹತ್ತು ದಿನ ಕಳೆದಿರಬಹುದು. ಕಪ್ಪು ಟಿವಿಯ ಮೇಲೆ ನುಣ್ಣನೆಯ ಬಿಳಿ ಪುಡಿ ಕಂಡಿತು. ದೇವರ ಪಟದ ಗಾಜಿನ ಮೇಲೂ ಇತ್ತು. ಥೇಟ್ ವಿಭೂತಿ. ಒರೆಸಿದರೆ ಮರುದಿನ ಮತ್ತೆ ಹಾಜರು. ನೀರು ಕುದಿಸಿ ಆರಿಸಿ ಹಾಕಿದೆ, ಪುಡಿ ಕಡಿಮೆಯಾಗಲಿಲ್ಲ. ನಿನ್ನೆ ತೊಟ್ಟಿಯೊಳಗೆ ಬೆರಳಾಡಿಸಿದರೆ ತಳದಲ್ಲಿ ತಿಳಿ ಗುಲಾಬಿ ಬಣ್ಣದ ಲೋಳೆ. ಎರಡು ದಿನದಿಂದ ನನಗೆ ಒಣ ಕೆಮ್ಮು. ಮಗು ಚೆನ್ನಾಗಿದೆ, ಹಾಲು ಕುಡಿಯುತ್ತಿದೆ. ಆದರೆ ನನ್ನ ಎದೆ ಢವಢವ ಎನ್ನುತ್ತಿದೆ.

ಯಂತ್ರವನ್ನು ಆರಿಸಿದ್ದೇನೆ. ಆ ಪುಡಿ ಏನು? ನಾನು ಮಾಡಿದ್ದರಲ್ಲಿ ಯಾವುದು ತಪ್ಪು? ಮಗಳಿಗೆ ಇನ್ನೂ ಹೇಳಿಲ್ಲ.

ಹಿಮದೂರಿನ ಹುಬ್ಬಳ್ಳಿಯವನು

ಅಮ್ಮಾ, ನಮಸ್ಕಾರ. ನಾನು ಕೆನಡಾದ ಕ್ಯಾಲ್ಗರಿಯಲ್ಲಿ ಹದಿಮೂರು ವರ್ಷದಿಂದ ಇದ್ದೇನೆ, ಮನೆ ಬಿಸಿಮಾಡುವ ವ್ಯವಸ್ಥೆಗಳ ಕೆಲಸವೇ ನನ್ನ ಹೊಟ್ಟೆಪಾಡು. ಆ ಪುಡಿ ನಿಮ್ಮ ನಲ್ಲಿ ನೀರಿನಲ್ಲಿ ಕರಗಿದ್ದ ಸುಣ್ಣ ಮತ್ತು ಇತರ ಲವಣಗಳು. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕೂರುತ್ತದಲ್ಲ, ಅದೇ ವಸ್ತು. ಸಾಗರದ ನೀರು ಮೆದು, ಹಾಗಾಗಿ ನೀವು ಅದನ್ನು ಅಷ್ಟಾಗಿ ನೋಡಿರಲಿಕ್ಕಿಲ್ಲ.

ನಮ್ಮ ಬಚ್ಚಲ ಹಂಡೆಯಿಂದ ಏಳುವ ಹಬೆ ಬರೀ ನೀರು, ಸುಣ್ಣ ಹಂಡೆಯಲ್ಲೇ ಉಳಿಯುತ್ತದೆ. ಅಲ್ಟ್ರಾಸಾನಿಕ್ ಯಂತ್ರ ನೀರನ್ನು ಹಬೆ ಮಾಡುವುದೇ ಇಲ್ಲ. ತಳದಲ್ಲಿರುವ ಒಂದು ಬಿಲ್ಲೆ ನಮ್ಮ ಕಿವಿಗೆ ಕೇಳದಷ್ಟು ವೇಗದಲ್ಲಿ ಅದುರಿ ನೀರನ್ನು ಸಣ್ಣ ಸಣ್ಣ ಹನಿಗಳಾಗಿ ಚಿಮ್ಮಿಸುತ್ತದೆ. ಹನಿಯೊಳಗೆ ಏನಿದೆಯೋ ಎಲ್ಲವೂ ಗಾಳಿಗೆ ಬರುತ್ತದೆ. ನೀರು ಆರಿಹೋಗುತ್ತದೆ, ಪುಡಿ ಉಳಿಯುತ್ತದೆ. ಟಿವಿಯ ಮೇಲೆ ಕೂತದ್ದು ಕಣ್ಣಿಗೆ ಕಂಡಿತು. ಶ್ವಾಸಕೋಶದವರೆಗೆ ಹೋಗುವಷ್ಟು ನುಣ್ಣನೆಯ ಕಣಗಳೂ ಅದರಲ್ಲಿ ಇರುತ್ತವೆ.

ಕುದಿಸಿದರೆ ಕ್ರಿಮಿ ಸಾಯುತ್ತದೆ, ಸುಣ್ಣ ಹೋಗುವುದಿಲ್ಲ. ಬಹುಪಾಲು ಅಲ್ಲೇ ಇದ್ದು ನೀರು ಮಾತ್ರ ಕಡಿಮೆಯಾಗುತ್ತದೆ. ನಿಮ್ಮ ಮನೆಯ ನೆಲಮಾಳಿಗೆಯಲ್ಲಿ ಉಪ್ಪಿನ ಮೂಟೆ ಸುರಿಯುವ ವಾಟರ್ ಸಾಫ್ಟನರ್ ಇದ್ದರೆ ಅದನ್ನೂ ನಂಬಬೇಡಿ. ಅದು ಸುಣ್ಣದ ಬದಲಿಗೆ ಸೋಡಿಯಂ ಕೂರಿಸುತ್ತದೆ ಅಷ್ಟೆ, ಪುಡಿ ತಪ್ಪುವುದಿಲ್ಲ. ಅಡುಗೆಮನೆಯ ಸಣ್ಣ ಫಿಲ್ಟರ್ ಜಗ್ಗಿನಿಂದಲೂ ಪೂರ್ತಿ ಹೋಗದು. ದಿನಸಿ ಅಂಗಡಿಯಲ್ಲಿ ಗ್ಯಾಲನ್ ಕ್ಯಾನಿನಲ್ಲಿ ಡಿಸ್ಟಿಲ್ಡ್ ವಾಟರ್, ಅಂದರೆ ಹಬೆ ಮಾಡಿ ಮತ್ತೆ ನೀರಾಗಿಸಿದ ಲವಣವಿಲ್ಲದ ನೀರು ಸಿಗುತ್ತದೆ, ಅದನ್ನೇ ತರಿಸಿ. ಪಕ್ಕದಲ್ಲೇ ‘ಸ್ಪ್ರಿಂಗ್ ವಾಟರ್’ ಎಂಬ ಕ್ಯಾನೂ ಇರುತ್ತದೆ, ಅಳಿಯಂದಿರು ಅವಸರದಲ್ಲಿ ಅದನ್ನು ಎತ್ತಿಕೊಂಡು ಬರುವುದುಂಟು. ಅದರಲ್ಲಿ ಲವಣ ಇದ್ದೇ ಇರುತ್ತದೆ.

ಮೂಗಿನಲ್ಲಿ ರಕ್ತ ಏಕೆ ಬಂತು ಎಂದರೆ, ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗಿರುವ ಗಾಳಿಯಲ್ಲಿ ಒಂದು ಘನ ಮೀಟರಿಗೆ ಹೆಚ್ಚೆಂದರೆ ಒಂದೂವರೆ ಗ್ರಾಂ ನೀರು ಹಿಡಿಯುತ್ತದೆ. ಅದೇ ಗಾಳಿ ಮನೆಯೊಳಗೆ ಬಂದು 22 ಡಿಗ್ರಿಗೆ ಕಾದಾಗ ಅದಕ್ಕೆ 19 ಗ್ರಾಂ ಹಿಡಿಯುವ ಶಕ್ತಿ ಬರುತ್ತದೆ, ಇರುವುದು ಅದೇ ಒಂದೂವರೆ. ಬಾಯಾರಿದ ಗಾಳಿ ನಿಮ್ಮ ಮೂಗಿನಿಂದ, ತುಟಿಯಿಂದ ನೀರು ಹೀರುತ್ತದೆ. ಆದ್ದರಿಂದ ಯಂತ್ರ ಬೇಕು ಎಂಬ ಅಳಿಯಂದಿರ ಲೆಕ್ಕ ಸರಿಯೇ.

ಆದರೆ ಅಳತೆ ಬೇಕು. ಹೈಗ್ರೋಮೀಟರ್ ಎಂಬ ಅಂಗೈ ಅಗಲದ ತೇವಾಂಶ ಮಾಪಕ ಅಗ್ಗಕ್ಕೆ ಸಿಗುತ್ತದೆ. ಒಳಗಿನ ತೇವಾಂಶ ಶೇ 30ರಿಂದ 50ರ ನಡುವೆ ಇದ್ದರೆ ಸಾಕು. ಚಳಿ ವಿಪರೀತವಾದಾಗ ಅಷ್ಟೂ ಆಗದು. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋದ ದಿನ ನಾನು ಶೇ 25ರ ಮೇಲೆ ಹೋಗಲು ಬಿಡುವುದಿಲ್ಲ. ಏಕೆಂದರೆ ಕಿಟಕಿಯ ತಣ್ಣನೆಯ ಗಾಜಿನ ಮೇಲೆ ನೀರು ಇಳಿದು ಚೌಕಟ್ಟಿಗೆ ಬೂಷ್ಟು ಹಿಡಿಯುತ್ತದೆ. ನಿಮ್ಮ ಕಿಟಕಿಗಳನ್ನು ಬೆಳಿಗ್ಗೆ ಒಮ್ಮೆ ನೋಡಿ.

ಮೈಸೂರು ಕೈತೋಟ

ಲೋಳೆಯ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಮನೆಯ ಯಂತ್ರಕ್ಕೆ ವಾರಕ್ಕೊಮ್ಮೆ ಒಂದು ಮುಚ್ಚಳ ಸೋಂಕುನಾಶಕ ಸೇರಿಸಿಯೇ ನೀರು ತುಂಬುತ್ತೇನೆ. ಪಾಚಿ ಕಟ್ಟುವುದಿಲ್ಲ, ಕೋಣೆಯೂ ಆಸ್ಪತ್ರೆಯ ಹಾಗೆ ಶುದ್ಧವಾದ ವಾಸನೆ ಬರುತ್ತದೆ. ತೊಳೆಯುವ ರಗಳೆಯೇ ಇಲ್ಲ.

ರಾತ್ರಿಪಾಳಿ

ಮೈಸೂರಿನವರೇ, ದಯವಿಟ್ಟು ಇವತ್ತೇ ನಿಲ್ಲಿಸಿ. ಇದನ್ನು ಓದಿ ಬೇರೆ ಯಾರೂ ಹಾಗೆ ಮಾಡಬೇಡಿ.

ದಕ್ಷಿಣ ಕೊರಿಯಾದಲ್ಲಿ 1994ರಿಂದ ಇಂಥದ್ದೇ ದ್ರಾವಣವನ್ನು ಹ್ಯೂಮಿಡಿಫೈಯರ್‌ಗೆಂದೇ ಅಂಗಡಿಯಲ್ಲಿ ಮಾರುತ್ತಿದ್ದರು. ನೀರಿಗೆ ಬೆರೆಸಿದರೆ ಲೋಳೆ ಕಟ್ಟುವುದಿಲ್ಲ, ತೊಳೆಯುವ ಕಷ್ಟವಿಲ್ಲ, ನೀವು ಹೇಳಿದಂತೆಯೇ. ಮಕ್ಕಳಿದ್ದ ಮನೆಗಳೇ ಮುತುವರ್ಜಿಯಿಂದ ಕೊಂಡವು. 2011ರಲ್ಲಿ ಸೋಲ್ ನಗರದ ಆಸ್ಪತ್ರೆಗೆ ಗರ್ಭಿಣಿಯರು, ಬಾಣಂತಿಯರು ಕಾರಣ ತಿಳಿಯದ ಶ್ವಾಸಕೋಶದ ಕಾಯಿಲೆಯಿಂದ ಒಬ್ಬರ ಹಿಂದೊಬ್ಬರು ಬಂದಾಗ ವೈದ್ಯರಿಗೆ ಸಂಶಯ ಬಂತು. ಮೂಲ ಹುಡುಕಿದರೆ ಆ ದ್ರಾವಣ. ಅದೇ ವರ್ಷ ಮಾರಾಟ ನಿಂತಿತು. ಅಷ್ಟರೊಳಗೆ ನೂರಾರು ಜೀವಗಳು ಹೋಗಿದ್ದವು, ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು. ಮುಂದೆ ಅಲ್ಲಿನ ಸರ್ಕಾರವೇ ಸಾವಿರಾರು ಮಂದಿಯನ್ನು ಸಂತ್ರಸ್ತರೆಂದು ಒಪ್ಪಿಕೊಂಡಿತು. ಚರ್ಮಕ್ಕೆ ತಾಗಿದರೆ ಪರವಾಗಿಲ್ಲ ಎನ್ನಿಸಿಕೊಂಡ ವಸ್ತು ಉಸಿರಿನೊಳಗೆ ಹೋದಾಗ ಬೇರೆಯೇ ಆಗುತ್ತದೆ.

ಈಗ ಸಾಗರದ ಅಮ್ಮನವರಿಗೆ. ನಾನು ಪುತ್ತೂರಿನವಳು, ಟೊರಾಂಟೊದಲ್ಲಿ ನವಜಾತ ಶಿಶುಗಳ ವಾರ್ಡಿನಲ್ಲಿ ನರ್ಸ್. ಮೊದಲು ಮಗಳಿಗೆ ಹೇಳಿ. ಬೈಯುವುದಿಲ್ಲ. ಮಗುವಿನ ವೈದ್ಯರಿಗೂ ಫೋನ್ ಮಾಡಿಸಿ, ಲೋಳೆ ಮತ್ತು ಎಣ್ಣೆ ಎರಡನ್ನೂ ಬಿಡದೆ ತಿಳಿಸಲಿ. ಮಗುವಿಗೆ ಉಸಿರು ತೀರಾ ವೇಗವಾದರೆ, ಉಸಿರೆಳೆಯುವಾಗ ಪಕ್ಕೆ ಒಳಕ್ಕೆ ಸೆಳೆದರೆ, ಹಾಲು ಬಿಟ್ಟರೆ, ತುಟಿ ನೀಲಿಯಾದರೆ ಫೋನಿಗೂ ಕಾಯದೆ ಆಸ್ಪತ್ರೆಗೆ ಹೋಗಿ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೂ ಅಷ್ಟೆ, ನಾಳೆ ನೋಡೋಣ ಎನ್ನುವಂತಿಲ್ಲ. ನಿಮ್ಮ ಕೆಮ್ಮಿನ ಜೊತೆ ಜ್ವರವೋ ಏದುಸಿರೋ ಬಂದರೆ ನೀವೂ ತೋರಿಸಿಕೊಳ್ಳಬೇಕು.

ನೀಲಗಿರಿ ಎಣ್ಣೆ, ಕರ್ಪೂರ ಸೇರಿದ ಮುಲಾಮು ಇವೆರಡೂ ಕೂಸಿನ ಹತ್ತಿರ ಬೇಡವೇ ಬೇಡ. ದೊಡ್ಡವರಿಗೆ ಹಿತವಾಗುವ ಘಾಟು ಆ ಪುಟ್ಟ ಶ್ವಾಸನಾಳವನ್ನು ಕೆರಳಿಸುತ್ತದೆ. ಎಣ್ಣೆಯಿಂದ ತೊಟ್ಟಿಯ ಪ್ಲಾಸ್ಟಿಕ್ಕೂ ಕೆಡುತ್ತದೆ. ಬಾಣಂತನ ಎಂದಿರಿ, ಆದ್ದರಿಂದ ಕೇಳುತ್ತೇನೆ: ಮಗುವಿಗೆ ಎರೆದ ಮೇಲೆ ಸಾಂಬ್ರಾಣಿ ಹೊಗೆ ಹಾಕುತ್ತಿದ್ದೀರಾ? ಊರಿನಲ್ಲಿ ಹೆಂಚಿನ ಸಂದಿಯಿಂದ ಹೊಗೆ ಹೋಗುತ್ತಿತ್ತು. ಚಳಿಗೆ ಬಿಗಿಯಾಗಿ ಮುಚ್ಚಿದ ಆ ಮನೆಯಲ್ಲಿ ಹೋಗಲು ದಾರಿಯಿಲ್ಲ.

ಗುಲಾಬಿ ಲೋಳೆ ಬ್ಯಾಕ್ಟೀರಿಯಾಗಳ ಪೊರೆ. ನಿಂತ ನೀರಿಗೆ ಹೊಸ ನೀರು ಬೆರೆಸುತ್ತ ಹೋದದ್ದೇ ಕಾರಣ. ಹೆದರಿಸಲು ಹೇಳುತ್ತಿಲ್ಲ, ಆದರೆ 2008ರಲ್ಲಿ ಸೈಪ್ರಸ್‌ನ ಒಂದು ಆಸ್ಪತ್ರೆಯಲ್ಲಿ ಹಸುಳೆಗಳ ಕೋಣೆಗೆ ಇಟ್ಟ ತಣ್ಣನೆ ಮಂಜಿನ ಯಂತ್ರದಿಂದಲೇ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಹರಡಿ ಮೂರು ಕೂಸುಗಳು ಉಳಿಯಲಿಲ್ಲ. ದಿನಾ ಬೆಳಿಗ್ಗೆ ಪ್ಲಗ್ ಕಿತ್ತು, ಉಳಿದ ನೀರು ಚೆಲ್ಲಿ, ಒರೆಸಿ, ಬಾಯಿ ತೆರೆದಿಟ್ಟು ಒಣಗಿಸಿ. ಮೂರು ದಿನಕ್ಕೊಮ್ಮೆ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ಬಿಟ್ಟು, ಮೆದು ಬ್ರಷ್‌ನಿಂದ ಉಜ್ಜಿ, ಹಲವು ಸಲ ತೊಳೆಯಿರಿ. ವಿನೆಗರ್ ಹಾಕಿದ ಹೊತ್ತಿನಲ್ಲಿ ಬ್ಲೀಚ್ ಮುಟ್ಟಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಯಂತ್ರ ತೊಟ್ಟಿಲಿಂದ ದೂರವಿರಲಿ, ಮಂಜು ಮಗುವಿನ ಮುಖದ ಕಡೆ ಬೀಸದಿರಲಿ. ಬಿಸಿ ಹಬೆಯ ಯಂತ್ರ ಸುರಕ್ಷಿತ ಎಂದು ಯಾರಾದರೂ ಹೇಳಿಯಾರು. ಸುಣ್ಣವೂ ಕ್ರಿಮಿಯೂ ಅದರಲ್ಲಿ ಕಡಿಮೆ, ನಿಜ. ಆದರೆ ಅಂಬೆಗಾಲಿಡುವ ಮಗು ವೈರು ಎಳೆದರೆ ಕುದಿನೀರು ಮೈಮೇಲೆ. ಕೂಸಿನ ಮೂಗು ಕಟ್ಟಿದ್ದಕ್ಕೆ ವೈದ್ಯರು ಹೇಳುವ ಉಪ್ಪುನೀರಿನ ಹನಿ ಸಾಕಾಗುತ್ತದೆ, ಔಷಧಿ ಅಂಗಡಿಯದ್ದೇ ತನ್ನಿ, ಮನೆಯಲ್ಲಿ ಕಲಸಬೇಡಿ.

ಕಲಬುರಗಿ ಕೂಲರ್

ನಮಗೆ ಏಪ್ರಿಲ್, ಮೇ ತಿಂಗಳಲ್ಲಿ ಕೂಲರ್ ಇಲ್ಲದಿದ್ದರೆ ರಾತ್ರಿಯೇ ಇಲ್ಲ. ಅದೂ ಗಾಳಿಗೆ ನೀರು ಸೇರಿಸುವುದೇ. ಅದಕ್ಕೂ ಈ ಭಯ ಇದೆಯೇ? ಎಸಿಯಿಂದ ತೊಟ್ಟಿಕ್ಕುವ ನೀರು ಶುದ್ಧ, ಅದನ್ನೇ ಹಿಡಿದು ಹಾಕಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ.

ಹಿಮದೂರಿನ ಹುಬ್ಬಳ್ಳಿಯವನು

ಅಣ್ಣಾ, ಕೂಲರ್‌ನಲ್ಲಿ ಒದ್ದೆ ಹುಲ್ಲಿನ ಮೂಲಕ ಗಾಳಿ ಹಾಯ್ದು ನೀರು ಆವಿಯಾಗುತ್ತದೆ, ಹಾಗಾಗಿ ಸುಣ್ಣ ಹುಲ್ಲಿನಲ್ಲೇ ಉಳಿದು ಗಟ್ಟಿಯಾಗುತ್ತದೆ. ಪುಡಿಯ ಭಯ ಕಡಿಮೆ. ಆದರೆ ತೊಟ್ಟಿಯಲ್ಲಿ ವಾರಗಟ್ಟಲೆ ನಿಂತ ನೀರಿನಲ್ಲಿ ಲೋಳೆಯೂ ಬರುತ್ತದೆ, ಡೆಂಗಿ ಸೊಳ್ಳೆಯೂ ಮೊಟ್ಟೆಯಿಡುತ್ತದೆ. ವಾರಕ್ಕೊಮ್ಮೆಯಾದರೂ ಪೂರ್ತಿ ಖಾಲಿ ಮಾಡಿ ಉಜ್ಜಿ ಒಣಗಿಸಿ, ಹುಲ್ಲನ್ನು ಪ್ರತಿ ಬೇಸಿಗೆಗೆ ಬದಲಿಸಿ. ಎಸಿ ನೀರಿನಲ್ಲಿ ಸುಣ್ಣ ಇಲ್ಲ ಎಂಬುದಷ್ಟೇ ಸತ್ಯ. ಅದು ಧೂಳು ಕೂತ ಕಾಯಿಲ್, ಪಾಚಿ ಕಟ್ಟಿದ ಕೊಳವೆ ದಾಟಿ ಬಂದದ್ದು. ಗಿಡಕ್ಕೆ ಹಾಕಿ.

ಸಾಗರದ ಅಮ್ಮಮ್ಮ

ಎಲ್ಲರಿಗೂ ಋಣಿ. ಎರಡು ವಾರದ ಮೇಲೆ ಬರೆಯುತ್ತಿದ್ದೇನೆ.

ಮಗಳಿಗೆ ಹೇಳಿದೆ. ಅವಳು ಬೈಯಲಿಲ್ಲ, ಅತ್ತಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ವೈದ್ಯರು ಮಗುವನ್ನು ಕರೆಸಿ ಎದೆಗೆ ಕೊಳವೆ ಇಟ್ಟು ನೋಡಿದರು, ಏನೂ ಇಲ್ಲ ಎಂದರು. ನನ್ನ ಕೆಮ್ಮು ಯಂತ್ರ ನಿಂತ ನಾಲ್ಕನೇ ದಿನಕ್ಕೆ ಹೋಯಿತು. ಸಾಂಬ್ರಾಣಿ ವಿಷಯ ಪುತ್ತೂರಿನ ತಂಗಿ ಕೇಳಿದ್ದಾಳೆ. ಹಾಕಿದ್ದೆ, ಒಂದೇ ಸಲ. ಛಾವಣಿಯ ಹೊಗೆ ಗಂಟೆ ಕೂಗಿಕೊಂಡು ಪಕ್ಕದ ಮನೆಯವರು ಚಪ್ಪಲಿ ಇಲ್ಲದೆ ಹಿಮದಲ್ಲಿ ಓಡಿ ಬಂದರು. ಆಮೇಲೆ ಆ ಡಬ್ಬ ತೆರೆದಿಲ್ಲ.

ತೇವಾಂಶ ಮಾಪಕ ತರಿಸಿ ಮಗುವಿನ ಕೋಣೆಯಲ್ಲಿ ಇಟ್ಟೆವು. ಹಳೆಯ ಅಭ್ಯಾಸದಂತೆ ರಾತ್ರಿಯೆಲ್ಲ ಯಂತ್ರ ಬಿಟ್ಟರೆ ಬೆಳಗಿನ ಹೊತ್ತಿಗೆ 58 ತೋರಿಸುತ್ತಿತ್ತು. ಪರದೆ ಸರಿಸಿದರೆ ಕಿಟಕಿಯ ಗಾಜಿನ ಕೆಳಗೆ ನೀರು ನಿಂತು ಮೂಲೆಯಲ್ಲಿ ಕಪ್ಪು ಚುಕ್ಕಿ. ಆ ಚುಕ್ಕಿಯನ್ನು ಯಾರೂ ನನಗೆ ಪರಿಚಯಿಸಬೇಕಾಗಿಲ್ಲ, ಸಾಗರದಲ್ಲಿ ಜೀವಮಾನವಿಡೀ ಒರೆಸಿದ್ದೇನೆ. ಈಗ ಮಾಪಕ 30 ದಾಟಿದರೆ ಆರಿಸುತ್ತೇನೆ.

ಯಂತ್ರವೆಂದು ಹೆದರಿ ಅದರೊಳಗೆ ಕೈ ಹಾಕುತ್ತಿರಲಿಲ್ಲ, ಅದೇ ನನ್ನ ತಪ್ಪು. ಈಗ ಮಾವಿನ ಮಿಡಿ ಹಾಕುವ ಮೊದಲು ಭರಣಿ ತೊಳೆಯುವ ಹಾಗೆ ತೊಳೆದು, ಬೋರಲು ಹಾಕಿ, ಒಳಗೆ ಬೆರಳಿಟ್ಟು ಪಸೆ ಇಲ್ಲವೆಂದು ನೋಡಿಯೇ ಸಂಜೆ ನೀರು ತುಂಬುತ್ತೇನೆ. ಟಿವಿ ಕಪ್ಪಗೇ ಇದೆ. ಅಳಿಯ ಮೊದಲ ಸಲ ತಂದದ್ದು ಸ್ಪ್ರಿಂಗ್ ವಾಟರ್ರೇ. ಹುಬ್ಬಳ್ಳಿಯ ತಮ್ಮ ಹೇಳಿದ್ದು ನೆನಪಾಗಿ ವಾಪಸು ಕಳಿಸಿದೆ.

ಈಗ ಖಾಲಿ ಕ್ಯಾನುಗಳು ಹನ್ನೊಂದು ಕೂಡಿವೆ. ಹಿಡಿಕೆ ಗಟ್ಟಿಯಿದೆ, ಮುಚ್ಚಳವೂ ಬಿಗಿ. ಎಸೆಯಲು ನನಗೆ ಮನಸ್ಸು ಬರುತ್ತಿಲ್ಲ, ಊರಿಗೆ ಒಯ್ಯಲು ಮಗಳು ಬಿಡುತ್ತಿಲ್ಲ.